ಬೇಸಿನ್ ಪಕ್ಕದ ಇಳಕಲ್ ಅರಿವೆ

ಕೈ ತೊಳೆಯುವುದರಲ್ಲಿ ಚಂದ್ರವ್ವನನ್ನು ಮೀರಿಸುವವರು ಮುಂಬಯಿ ಪರೇಲಿನ ಆ ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ. ವಿಜಯಪುರದ ಕಡೆಯ ಹೆಂಗಸು, ಸಯನ್ನಿನ ಚಾಳಿನ ಒಂದು ಕೋಣೆಯಲ್ಲಿ ಸಂಸಾರ, ಎಳೆಗೂಸುಗಳ ವಾರ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಆಯಾ. ದೊಡ್ಡ ಡಾಕ್ಟರು ಎರಡು ಸಲ ಉಜ್ಜಿ ಒಳಗೆ ನುಗ್ಗಿದರೆ ಬಾಗಿಲಿಗೆ ಅಡ್ಡ ನಿಂತು, ಉಗುರಿನ ಸಂದಿ ಹಾಗೇ ಉಳಿಯಿತೆಂದು ತನ್ನ ಹರಕುಮುರುಕು ಹಿಂದಿಯಲ್ಲಿ ಗದರುತ್ತಿದ್ದಳು. ಅಂಥ ಬಾಯಿ ಅವಳದು. ಡಾಕ್ಟರೂ ಸುಮ್ಮನೆ ಹೋಗಿ ಮತ್ತೆ ತೊಳೆದು ಬರುತ್ತಿದ್ದರು.

ಜುಲೈನಲ್ಲಿ ಅವಳ ಮಗಳು ವೈಶಾಲಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಗಂಡುಕೂಸು, ಅಂಗೈ ಮೇಲೆ ಕೂರುವಷ್ಟು. ಅಜ್ಜಿಯ ವಾರ್ಡಿನಲ್ಲೇ, ಕಿಟಕಿಯ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿದರು.

ಅದೇ ವಾರ ಕೈ ಒರೆಸುವ ಕಾಗದ ಮುಗಿದುಹೋಗಬೇಕೆ? ಸ್ಟೋರಿನವರು ಇವತ್ತು ನಾಳೆ ಎಂದು ದಿನ ತಳ್ಳಿದರು. ತಾಯಂದಿರು ಕೈ ತೊಳೆದು ನೀರು ಕೊಡವುತ್ತ ಒಳಗೆ ಬರತೊಡಗಿದರು. ತಣ್ಣನೆಯ ಒದ್ದೆ ಕೈ ತಾಗಿದರೆ ಕೂಸು ಬೆಚ್ಚಿಬೀಳುತ್ತದೆಂದು ಚಂದ್ರವ್ವನಿಗೆ ಜೀವ ತಡೆಯಲಿಲ್ಲ. ಅವಳ ಊರಿನಲ್ಲಿ ಹುಟ್ಟಿದ ಮಗುವನ್ನು ಮೊದಲು ಸುತ್ತುವುದೇ ಮನೆಯ ಹಿರಿಯಳ ಹಳೆಯ ಸೀರೆಯಲ್ಲಿ. ಒಗೆದು ಒಗೆದು ಬೆಣ್ಣೆಯಂತಾಗಿರುತ್ತದೆ ಆ ಬಟ್ಟೆ. ಟ್ರಂಕಿನ ತಳದಲ್ಲಿ ತೀರಿಹೋದ ತಾಯಿಯ ಇಳಕಲ್ ಸೀರೆಯಿತ್ತು. ಅದರಿಂದ ಒಂದು ತುಂಡು ಹರಿದು, ಅಂಚು ಹೊಲಿದು, ಬೇಸಿನ್ ಪಕ್ಕದ ಮೊಳೆಗೆ ತೂಗುಹಾಕಿದಳು. ನರ್ಸು, ತಾಯಂದಿರು, ಡಾಕ್ಟರು ಎಲ್ಲರೂ ಅದಕ್ಕೇ ಕೈ ಒರೆಸಿಕೊಂಡರು.

ಅವಳೇನು ಕೊಳಕಿಯಲ್ಲ. ದಿನಾ ಸಂಜೆ ಮನೆಗೆ ಒಯ್ದು ಸಾಬೂನು ಹಚ್ಚಿ ಕುಕ್ಕಿ ಒಗೆಯುತ್ತಿದ್ದಳು. ಆದರೆ ಮುಂಬಯಿಯ ಮಳೆಯಲ್ಲಿ, ಚಾಳಿನ ಗ್ಯಾಲರಿಯ ಹಗ್ಗದ ಮೇಲೆ, ಏನು ತಾನೇ ಒಣಗೀತು? ಬೆಳಿಗ್ಗೆ ಹಸಿಹಸಿಯಾಗಿಯೇ ಮಡಚಿ ಚೀಲಕ್ಕೆ ಹಾಕಿಕೊಂಡು ಲೋಕಲ್ ರೈಲು ಹತ್ತುತ್ತಿದ್ದಳು.

ಅರಿವೆ ತೂಗುಹಾಕಿದ ಒಂಬತ್ತನೆಯ ದಿನ ಮೂರು ಕೂಸುಗಳಿಗೆ ಜ್ವರ ಬಂತು. ಮೂರರಲ್ಲಿ ಒಂದು ಅವಳ ಮೊಮ್ಮಗ. ಹಾಲು ಬಿಟ್ಟಿತು, ಅಳುವುದನ್ನೂ ಬಿಟ್ಟಿತು.

ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ಸಿಸ್ಟರ್ ಸ್ನೇಹಲ್ ಬಂದು, ಕ್ರಿಮಿ ಬೆಳೆಸಿ ನೋಡುವ, ಜೆಲ್ಲಿ ಸುರಿದ ಪುಟ್ಟ ತಟ್ಟೆಗಳ ಮೇಲೆ ಎಲ್ಲರ ಬೆರಳು ಒತ್ತಿಸಿಕೊಂಡಳು. ಕೈ ತೊಳೆದ ಕೂಡಲೇ ಒಂದು ತಟ್ಟೆ, ಒರೆಸಿಕೊಂಡ ಮೇಲೆ ಇನ್ನೊಂದು. ಎರಡು ದಿನ ಬಿಟ್ಟು ಚಂದ್ರವ್ವನನ್ನು ಕರೆದು ಎರಡು ತಟ್ಟೆ ಮುಂದಿಟ್ಟಳು. ಒಂದು ಹೆಚ್ಚುಕಡಿಮೆ ಸ್ವಚ್ಛ. ಇನ್ನೊಂದರಲ್ಲಿ ರವೆ ಚೆಲ್ಲಿದಂತೆ ಹಳದಿ ಚುಕ್ಕಿ.

"ಇದು ಯಾವಕಿ ಕೈರೀ?" ಎಂದಳು ಚಂದ್ರವ್ವ, ಮುಖ ಸಿಂಡರಿಸಿ.

"ಎರಡೂ ನಿಮ್ಮದೇ ಮಾವಶಿ," ಎಂದಳು ಸ್ನೇಹಲ್, ತಡವರಿಸುವ ಕನ್ನಡದಲ್ಲಿ. "ತೊಳೆದ ಮೇಲೆ ಇದು. ಆ ಕಪಡಾಕ್ಕೆ ಒರೆಸಿದ ಮೇಲೆ ಇದು. ಗೀಲಾ, ಒದ್ದೆ ಇತ್ತಲ್ಲ, ಎಲ್ಲರ ಕೈದು ಕ್ರಿಮಿ ಅದರಲ್ಲೇ ಬೆಳೀತು. ಮಕ್ಕಳ ಬ್ಲಡ್‌ನಲ್ಲೂ ಇದೇ ಸಿಕ್ಕಿದೆ."

ಹತ್ತೊಂಬತ್ತು ವರ್ಷ ಊರಿಗೆಲ್ಲ ಕೈ ತೊಳೆಸಿದವಳು, ಹೊಟ್ಟೆಯ ಮಗಳ ಕೂಸಿಗೆ ತಾನೇ ರೋಗ ತಂದಿಟ್ಟಿದ್ದಳು.

ಬಾಣಂತಿಯರ ವಾರ್ಡಿಗೆ ಹೋದರೆ ಅರಿವೆಯ ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಆದರೆ ಅರಿವೆ ಯಾರದೆಂದು ಇನ್ನೂ ಹಾಸಿಗೆ ಬಿಟ್ಟೇಳದ ವೈಶಾಲಿಗೆ ಗೊತ್ತಿರಲಿಲ್ಲ. ಅತ್ತು ಅತ್ತು ಕಣ್ಣು ಬಾತಿದ್ದವು.

"ಯಾವಕಿ ತಂದು ಹಾಕಿದ್ಳಂತ ಬೇ ಅದನ್ನ? ಆಕಿ ಕೈಯಾಗ ಹುಳಾ ಬೀಳ್ಲಿ."

ಚಂದ್ರವ್ವ ತನ್ನ ಕೈ ನೋಡಿಕೊಂಡಳು. ಸುಮ್ಮನಿದ್ದರೂ ನಡೆಯುತ್ತಿತ್ತು, ಅವಳಿಂದ ಆಗಲಿಲ್ಲ.

"ನಿಮ್ಮಾಯಿ ಸೀರಿ ಅದು, ನಮ್ಮವ್ವಂದು," ಎಂದಳು. "ನಾನ ಹರದೀನಿ. ನಾನ ಹಾಕೀನಿ."

ವೈಶಾಲಿ ಗೋಡೆಯ ಕಡೆ ಹೊರಳಿ ಮಲಗಿದಳು. ಆರು ದಿನ ತಾಯಿಯ ಮುಖ ನೋಡಲಿಲ್ಲ. ಆ ಆರು ದಿನವೂ ಚಂದ್ರವ್ವ ಗಾಜಿನಾಚೆಯೇ ನಿಂತು ಮೊಮ್ಮಗನ ಎದೆ ಏರಿಳಿಯುವುದನ್ನು ಎಣಿಸಿದಳು. ಅದನ್ನು ಮುಟ್ಟಲು ಅವಳಿಗೆ ಧೈರ್ಯವಿರಲಿಲ್ಲ.

ಏಳನೆಯ ದಿನ ಅದರ ಜ್ವರ ಇಳಿಯಿತು. ಉಳಿದೆರಡು ಕೂಸುಗಳೂ ಹಾಲು ಕುಡಿದವು. ತನ್ನ ಕೂಸನ್ನು ಎತ್ತಿಕೊಳ್ಳಬಹುದೆಂದು ಡಾಕ್ಟರು ಹೇಳಿದಾಗ ವೈಶಾಲಿ ತಾಯಿಯನ್ನು ಕರೆಸಿದಳು. ಬೇಸಿನ್ ಮೇಲಿನ ಡಬ್ಬಿಯಲ್ಲಿ ಕಾಗದ ಮತ್ತೆ ಬಂದಿತ್ತು. ಚಂದ್ರವ್ವ ತೊಳೆದಳು, ಬೆರಳ ಸಂದಿ, ಉಗುರು, ಮಣಿಕಟ್ಟು. ಮನೆಯ ರೂಢಿಯಲ್ಲಿ ಕೈ ಸೆರಗಿನ ಕಡೆ ಹೋಯಿತು. ಬೆಂಕಿ ತಾಗಿದಂತೆ ಹಿಂದಕ್ಕೆಳೆದುಕೊಂಡು, ನೀರು ತೊಟ್ಟಿಕ್ಕುವ ಎರಡೂ ಕೈ ಎತ್ತಿ ಹಿಡಿದು ನಿಂತುಬಿಟ್ಟಳು.

"ನಾ ಮುಟ್ಟೂದಿಲ್ಲವ್ವ," ಎಂದಳು. "ನೀನ ಎತ್ಕೊ."

ವೈಶಾಲಿ ಡಬ್ಬಿಯಿಂದ ಎರಡು ಕಾಗದ ಎಳೆದಳು. ತಾಯಿಯ ಮುಖ ನೋಡದೆ ಒಂದೊಂದೇ ಬೆರಳು ಹಿಡಿದು ಒತ್ತಿ ಒರೆಸಿದಳು.

"ನಾ ಅಂದ ಮಾತು ಈ ಕೈಗೆ ತಾಗಬಾರ್ದು," ಎಂದಳು. "ಹಿಡಿ ಕೂಸನ್ನ."

ಒಣಗಿದೆಯೇ ಎಂದು ಚಂದ್ರವ್ವ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡಳು.

"ಇನ್ನೊಂದು ಕಾಗದ ಕೊಡವ್ವ," ಎಂದಳು. "ಮತ್ತ ಬೆವತಾವ."