ಹಳಸಿದ್ದಲ್ಲ, ತಂಗಳು

ಕೆಂಪಕ್ಕನಿಗೆ ಆ ಹೆಸರಿಟ್ಟವನು ನಾನೇ. ಗೋದಾಮಿನಲ್ಲಿ ನನ್ನ ಕೆಲಸ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು. ಸುಮ್ಮನಿರಲಾರದೆ ಮನುಷ್ಯರಿಗೂ ಅಂಟಿಸುತ್ತೇನೆ. ಫೋರ್ಕ್‌ಲಿಫ್ಟ್ ಎಂಬ ಸರಕು ಎತ್ತುವ ಗಾಡಿ ಓಡಿಸುವ ಆಕೆ ಹನ್ನೊಂದು ವರ್ಷದಲ್ಲಿ ಒಂದು ಪೆಟ್ಟಿಗೆಯನ್ನೂ ಕೆಡವಿದವಳಲ್ಲ. ನಾನು ಆರು ತಿಂಗಳಲ್ಲಿ ಚೀಟಿಯ ಯಂತ್ರವನ್ನೇ ಎರಡು ಸಲ ಕೆಡವಿದ್ದೇನೆ. ಅಂಥವನು, ಊಟ ಮುಗಿಸಿ ಬಂದ ಆಕೆಯ ಮುಖ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿದ್ದನ್ನು ನೋಡಿ, "ಏನ್ ಕೆಂಪಕ್ಕಾ, ಡಬ್ಬೀಲಿ ಏನು ತುಂಬ್ಕೊಂಡು ಬಂದಿದ್ದೆ, ದ್ರಾಕ್ಷಾರಸಾನಾ?" ಎಂದುಬಿಟ್ಟೆ. ಎಲ್ಲರೂ ನಕ್ಕರು. ಆ ನಗು ಮೆಟ್ಟಿಲು ಹತ್ತಿ ಮ್ಯಾನೇಜರ್ ಕೋಣೆಗೂ ಹೋಯಿತು.

ಮ್ಯಾನೇಜರ್‌ಗೆ ತಮಾಷೆ ಅಂದರೆ ದೂರು. ನಮ್ಮಿಬ್ಬರನ್ನೂ ಕರೆಸಿ, ಕುಡಿತ ಪತ್ತೆಹಚ್ಚುವ ಯಂತ್ರಕ್ಕೆ ಆಕೆಯಿಂದ ಊದಿಸಿದರು. ಸೊನ್ನೆ ಬಂತು.

"ಯಂತ್ರ ಕೆಟ್ಟಿರಬೇಕು," ಎಂದರು.

"ಹಾಗಾದ್ರೆ ನೀವೂ ಒಂದ್ಸಲ ಊದಿ ಸಾರ್, ನೋಡೋಣ."

ಅವರು ನನ್ನ ಕಡೆ ಬೆರಳು ತೋರಿಸಿದರು. ಬೆಳಗ್ಗೆಯಿಂದ ಕೆಮ್ಮಿನ ಔಷಧಿಯನ್ನು ಬಾಟಲಿಯಿಂದಲೇ ಗುಟುಕರಿಸುತ್ತಿದ್ದ ನಾನು ಊದಿದೆ. ಯಂತ್ರ ಕಿರುಚಿತು.

"ನಿಂದು ಬಿಡು," ಎಂದರು ಮ್ಯಾನೇಜರ್. "ನೀನು ಕುಡಿದ್ರೆ ಚೀಟಿ ಸೊಟ್ಟ ಆಗುತ್ತೆ. ಗಾಡಿ ಓಡಿಸೋರು ಕುಡಿದ್ರೆ ಯಾರದೋ ತಲೆ ಹೋಗುತ್ತೆ. ನೋಡಮ್ಮ, ಆ ಮುಖ ಸರಿಹೋಗೋವರೆಗೆ ಕೀಲಿ ಇಲ್ಲಿರಲಿ. ತಿಂಗಳಲ್ಲಿ ಸರಿಹೋಗ್ಲಿಲ್ವಾ, ಗಾಡಿ ಬೇರೆಯವರಿಗೆ."

ಹೀಗೆ ಕೆಂಪಕ್ಕ ನನ್ನ ಮೇಜಿನ ಪಕ್ಕಕ್ಕೆ ಬಂದು ಕೂತಳು.

ಆಕೆ ಡಾಕ್ಟರ ಹತ್ತಿರ ಹೋದಳು. ಅಲರ್ಜಿಯ ಪರೀಕ್ಷೆ ಮಾಡಿಸಿದರೂ ಅವರಿಗೆ ಏನೂ ಸಿಗಲಿಲ್ಲ. ಅವರು ತೋರಿಸಿಕೊಳ್ಳಲು ಹೇಳಿದ ಆಹಾರ ತಜ್ಞೆ ಒಂದು ಪುಸ್ತಕ ಕೊಟ್ಟು, "ಏನು ತಿಂದ್ರಿ, ಅದನ್ನ ಯಾವತ್ತು ಮಾಡಿದ್ದು, ಆಮೇಲೆ ಏನಾಯ್ತು, ಎಲ್ಲಾ ಬರೀರಿ" ಎಂದರಂತೆ. ಕೆಂಪಕ್ಕ ನನ್ನ ಪಕ್ಕದಲ್ಲೇ ಕೂತು ಬರೆದಳು. ಕೋಳಿ. ಮಾಡಿದ್ದು ನಾಲ್ಕು ದಿನದ ಹಿಂದೆ. ತಲೆನೋವು, ಮುಖ ಕೆಂಪು. ಮೀನು. ಮೂರು ದಿನದ ಹಿಂದೆ. ಎದೆ ಡವಡವ.

"ಅಕ್ಕಾ, ನಿಮ್ಮಮ್ಮ ವಾರಕ್ಕೆ ಎರಡು ಸಲ ಅಡುಗೆ ಮಾಡ್ತಾರೆ ಅಂತೀಯ. ಹೊಸದನ್ನ ಯಾರು ತಿಂತಾರೆ?"

"ಹಳೇದು ಮುಗಿದ ಮೇಲೆ ಹೊಸದು. ಮೊದಲು ಬಂದದ್ದು ಮೊದಲು ಹೋಗಬೇಕು ತಾನೇ?"

ಇಬ್ಬರೂ ಗೋಡೆ ನೋಡಿದೆವು. ಅಲ್ಲಿ ಕೆಂಪು ಬಣ್ಣದಲ್ಲಿ ಅದೇ ಮಾತು ಬರೆದಿತ್ತು. ಅದು ಗೋದಾಮಿನ ನಿಯಮ. ಆಕೆ ಅದನ್ನು ಮನೆಯ ಫ್ರಿಜ್‌ಗೂ ಹಾಕಿದ್ದಳು. ಡಬ್ಬಿಗಳ ಮೇಲೆ ದಿನಾಂಕದ ಚೀಟಿ ಬೇರೆ ಇತ್ತಂತೆ, ನಾನೇ ಪ್ರೀತಿಯಿಂದ ಕೊಟ್ಟ ಚೀಟಿ. ಹೊಸ ಅಡುಗೆ ಹಳೆಯದಾಗುವವರೆಗೆ ಸರದಿಯಲ್ಲಿ ಕಾಯುತ್ತಿತ್ತು, ಆಮೇಲೆ ಇವಳ ತಟ್ಟೆಗೆ ಬರುತ್ತಿತ್ತು.

ತಜ್ಞೆ ಪುಸ್ತಕ ನೋಡಿ ವಿವರಿಸಿದರು. ಮೀನು, ಮಾಂಸ ಇಟ್ಟಷ್ಟೂ ಹಿಸ್ಟಮಿನ್ ಎಂಬುದು ಅದರಲ್ಲಿ ಹೆಚ್ಚಬಹುದು. ಕೆಲವರ ದೇಹಕ್ಕೆ ಅದನ್ನು ಅರಗಿಸಿಕೊಳ್ಳುವುದು ಕಷ್ಟ. ಮತ್ತೆ ಕುದಿಸಿದರೂ ಅದು ಹೋಗುವುದಿಲ್ಲ. ಅಡುಗೆಯನ್ನು ಮಾಡಿದ ಕೂಡಲೇ ತಿನ್ನಬೇಕು, ಉಳಿದರೆ ಆಗಲೇ ಫ್ರೀಜರ್‌ಗೆ ಹಾಕಬೇಕು. ಕೆಲವು ವಾರ ಹಳೆಯ ಚೀಸ್, ಡಬ್ಬಿಯ ಮೀನು, ಟೊಮ್ಯಾಟೊ ಬಿಟ್ಟು, ಆಮೇಲೆ ಒಂದೊಂದಾಗಿ ತಿಂದು ನೋಡಬೇಕು.

ಮನೆಯಲ್ಲಿ ಅಮ್ಮ ರಂಪ ಮಾಡಿದರಂತೆ. "ನನ್ನ ಅಡುಗೆ ಹಳಸಿದೆ ಅಂತೀಯೇನೇ? ಮೂಸು! ಮೂಸಿ ನೋಡಿ ಹೇಳು!"

"ಹಳಸಿಲ್ಲಮ್ಮ, ತಂಗಳಾಗಿದೆ. ನಿನ್ನ ಮೂಗಿಗೆ ಗೊತ್ತಾಗಲ್ಲ, ನನ್ನ ಮುಖಕ್ಕೆ ಗೊತ್ತಾಗುತ್ತೆ."

ಎರಡು ದಿನ ಮಾತು ಬಿಟ್ಟ ಅಮ್ಮ ಮೂರನೇ ದಿನ ಬಿಸಿ ಕೋಳಿಯನ್ನು ಒಲೆಯಿಂದಿಳಿಸಿ, "ತಗೋ ಮಹಾರಾಣಿ, ಈಗಷ್ಟೇ ಸತ್ತಿದ್ದು" ಎಂದು ತಟ್ಟೆ ಕುಕ್ಕಿದರಂತೆ. ಉಳಿದದ್ದನ್ನು ಆಗಲೇ ಪುಟ್ಟ ಡಬ್ಬಿಗಳಿಗೆ ಹಾಕಿ ಫ್ರೀಜರ್‌ಗೆ ಸೇರಿಸುವ ಕೆಲಸ ಕೆಂಪಕ್ಕನದಾಯಿತು.

ಮೂರು ವಾರಕ್ಕೆ ಮಧ್ಯಾಹ್ನದ ಕೆಂಪು ಇಳಿಯಿತು. ಮ್ಯಾನೇಜರ್ ಖುಷಿಯಾಗಿ ಕರೆದರು. ನಾನೂ ಹಿಂದೆಯೇ ಹೋದೆ.

"ನೋಡಿದ್ಯಾ, ಬಿಟ್ಟ ಕೂಡ್ಲೇ ಮುಖ ಹೆಂಗಾಯ್ತು! 'ಕುಡಿಯೋ ಚಟ ಬಿಟ್ಟಿದ್ದೇನೆ' ಅಂತ ಒಂದು ಸಾಲು ಬರ್ಕೊಡು, ಕೀಲಿ ತಗೊಂಡು ಹೋಗು."

ವಾಸಿಯಾದದ್ದೇ ಆಕೆಯ ವಿರುದ್ಧ ಸಾಕ್ಷಿಯಾಗಿತ್ತು! ಕೀಲಿ ಮೇಜಿನ ಮೇಲೇ ಇತ್ತು. ನಾನಾಗಿದ್ದರೆ ಎರಡು ಸಾಲು ಬರೆದುಕೊಟ್ಟು, ಅವರ ಪೆನ್ನನ್ನೂ ಜೇಬಿಗಿಳಿಸಿ ಬರುತ್ತಿದ್ದೆ.

"ಮಾಡದ ತಪ್ಪು ಬರೆಯಲ್ಲ ಸಾರ್. ಕೀಲಿ ಕೊಡಲ್ಲ ಅಂದ್ರೆ ಬೇಡ."

ನಾನು ಮೇಜಿನ ಹತ್ತಿರ ಹೋದೆ. "ಸಾರ್, ಆ ಮಾತು ಹುಟ್ಟಿಸಿದ್ದು ನಾನು. ತಮಾಷೆಗೆ ಅಂದೆ. ಅಕ್ಕ ಕುಡಿದಿದ್ದನ್ನ ಯಾರೂ ನೋಡಿಲ್ಲ. ಯಂತ್ರ ಕಿರುಚಿದ್ದೂ ನನ್ನ ಬಾಯಿಗೇ."

ಮ್ಯಾನೇಜರ್ ನನ್ನನ್ನು ನೊಣವನ್ನು ನೋಡುವಂತೆ ನೋಡಿದರು. "ಫೈಲ್‌ಗೆ ಏನಾದ್ರೂ ಬೇಕಲ್ಲಯ್ಯಾ!"

ಕೆಂಪಕ್ಕ ಡಾಕ್ಟರ ಪತ್ರವನ್ನೂ ಆ ಪುಸ್ತಕವನ್ನೂ ಮೇಜಿಗಿಟ್ಟು, ಪೆನ್ನು ತೆಗೆದುಕೊಂಡು ದಪ್ಪಕ್ಷರದಲ್ಲಿ ಬರೆದಳು: "ತಂಗಳು ತಿನ್ನುವುದನ್ನು ಬಿಟ್ಟಿದ್ದೇನೆ." ಕೆಳಗೆ ಸಹಿ ಹಾಕಿ ಅವರ ಕಡೆ ತಿರುಗಿಸಿದಳು. "ನೀವೂ ಹಾಕಿ, ಓದಿದ್ದೀರಿ ಅಂತ."

ಹಾಕಿದರು. ಆಕೆ ಕೀಲಿ ಎತ್ತಿಕೊಂಡಳು.

ಮೆಟ್ಟಿಲಿಳಿಯುವಾಗ ನಾನು ಮೊದಲ ಸಲ ಆಕೆಯ ನಿಜವಾದ ಹೆಸರು ಹಿಡಿದು, "...ಅಕ್ಕಾ, ಕ್ಷಮಿಸು" ಎಂದೆ.

"ಥೂ, ಕೆಂಪಕ್ಕ ಅಂತಲೇ ಕರಿ. ಹೆಸರು ಚೆನ್ನಾಗಿದೆ. ಇನ್ಮೇಲೆ ಮುಖ ಕೆಂಪಾದ್ರೆ ಸಿಟ್ಟು ಬಂದಿದೆ ಅಂತ ತಿಳ್ಕೊಂಡು ದಾರಿ ಬಿಡು."

ಆಮೇಲೆ ಗಾಡಿ ಹತ್ತಿ, ನಾನು ಸೊಟ್ಟ ಚೀಟಿ ಅಂಟಿಸಿದ್ದ ಪೆಟ್ಟಿಗೆಗಳ ಮುಂದೆ ನಿಲ್ಲಿಸಿ, ಹಾರ್ನ್ ಒತ್ತಿದಳು. ಬಿಡಲೇ ಇಲ್ಲ, ನಾನು ಓಡಿಹೋಗಿ ಅವನ್ನೆಲ್ಲ ಕಿತ್ತು ನೆಟ್ಟಗೆ ಅಂಟಿಸುವವರೆಗೆ.