ಕೊರಳ ಗಂಟಿನ ಬೆನ್ನುಹತ್ತಿ ಪುಣೆಗೆ

ಬೆಳಗಾವಿಯಿಂದ ಬೆಳಿಗ್ಗೆ ಆರರ ಬಸ್ಸು ಹಿಡಿದೆವು. ಕಿಟಕಿಯ ಪಕ್ಕ ಮಗಳು ಸುಜಾತಾ, ಇಪ್ಪತ್ತೊಂದರವಳು, ಏಪ್ರಿಲ್ ಸೆಕೆಯಲ್ಲೂ ಕೊರಳಿಗೆ ಓಢಣಿ ಸುತ್ತಿದ್ದಳು. ನನ್ನ ಪರ್ಸಿನಲ್ಲಿ ಹತ್ತಿಯಲ್ಲಿ ಸುತ್ತಿದ ಎರಡು ಗಾಜಿನ ಸ್ಲೈಡುಗಳಿದ್ದವು. ಅವಳ ಕೊರಳಿನಿಂದ ತೆಗೆದ ಗಂಟಿನ ತೆಳು ಚೂರು ಅವುಗಳ ಮೇಲಿತ್ತು.

ಎರಡು ತಿಂಗಳಿಂದ ಜ್ವರ. ನಮ್ಮ ಡಾಕ್ಟರು ಟಿಬಿ ಎಂದು ಗುಳಿಗೆ ಶುರು ಮಾಡಿದ್ದರು. ಲ್ಯಾಬಿನವರು ಕ್ಯಾನ್ಸರ್ ಕೂಡ ಇರಬಹುದೆಂದು ಬರೆದರು. ನನಗೆ ಇಬ್ಬರ ಮೇಲೂ ಸಂಶಯ. ಸ್ಲೈಡೇ ಅದಲುಬದಲಾಗಿರಬೇಕು ಅನಿಸಿ, ಸಾತಾರಾದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅದರ ನಂಬರನ್ನು ವರದಿಯ ಜೊತೆ ಮೂರು ಸಲ ತಾಳೆ ನೋಡಿದೆ. ಸರಿಯಾಗಿಯೇ ಇತ್ತು.

ರಾತ್ರಿ ಉಳಿದದ್ದು ಪುಣೆಯ ಕೋಥರೂಡದ ನಾದಿನಿಯ ಮನೆಯಲ್ಲಿ. ಗಂಟು ನನ್ನದೆಂದು ಅವಳಿಗೆ ಹೇಳಿದ್ದೆ. ಭಾಕರಿ, ಝುಣಕಾ ಪ್ರೀತಿಯಿಂದಲೇ ಬಡಿಸಿದಳು. ನನ್ನ ಲೋಟ ಮಾತ್ರ ಬೇರೆ ತೊಳೆದು ಬೇರೆಯೇ ಬೋರಲಿಟ್ಟಳು.

ಮರುದಿನ ಆಸ್ಪತ್ರೆಯಲ್ಲಿ ಸ್ಲೈಡು ನೋಡಿದ ಡಾಕ್ಟರ್ ಬಾಯಿ ಧಾರವಾಡದ ಕಡೆಯ ಹೆಣ್ಣುಮಗಳು. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಚೀಟಿ ಓದಿದರು, ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನಲವತ್ತೇಳರ ಕಮಲಾಬಾಯಿ ನೀವೇ ಏನ್ರಿ? ಗಂಟು ತಗದ ಗಾಯ ಎಲ್ಲಿ ಅದ, ತೋರಸ್ರಿ.”

ನಾನು ಸೆರಗು ಸರಿಮಾಡಿಕೊಂಡೆ. ಸುಜಾತಾ ಓಢಣಿ ಬಿಚ್ಚಿದಳು. “ಇಲ್ಲಿ ಅದರಿ, ಮೇಡಂ. ಗಂಟು ನಂದು. ಹೆಸರು, ವಯಸ್ಸು ಮಮ್ಮೀದು.”

ಮುಂದಿನ ತಿಂಗಳು ಹೆಣ್ಣು ನೋಡಲು ಬರುವವರಿದ್ದರು. ಟಿಬಿಯ ಸುದ್ದಿ ಹಬ್ಬಬಾರದೆಂದು ಲ್ಯಾಬಿನ ಫಾರ್ಮಿನಲ್ಲಿ, ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರ್ ತಿದ್ದಿಸಿದ ದುಂಡಕ್ಷರದಲ್ಲಿ, ನಾನೇ ನನ್ನ ಹೆಸರು ಬರೆದಿದ್ದೆ.

ಡಾಕ್ಟರ್ ಬಾಯಿ ಬೈಯಲಿಲ್ಲ. ಹರೆಯದ ಹುಡುಗಿಯರಲ್ಲೇ ಹೆಚ್ಚಾಗಿ ಕಾಣುವ ಕಿಕುಚಿ ಎಂಬ ಅಪರೂಪದ ಜಡ್ಡಿದು, ಟಿಬಿಯೂ ಅಲ್ಲ, ಕ್ಯಾನ್ಸರೂ ಅಲ್ಲ, ಕೆಲವು ತಿಂಗಳಲ್ಲಿ ತಾನೇ ಇಳಿಯುತ್ತದೆ ಎಂದರು. ಟಿಬಿ ಗುಳಿಗೆ ನಿಲ್ಲಿಸಲು ನಮ್ಮ ಡಾಕ್ಟರಿಗೆ ಪತ್ರವನ್ನೂ ಬರೆದರು. ಆದರೆ ಕೆಲವರಿಗೆ ಇದರ ಜೊತೆಗೋ ವರ್ಷಗಳ ಮೇಲೋ ಲೂಪಸ್ ಬರುವುದುಂಟಂತೆ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿ ಬೀಳುವ ರೋಗ ಅದು. ಕೀಲುನೋವು, ಬಿಸಿಲಿಗೆ ಕೆನ್ನೆ ಕೆಂಪಾಗುವುದು ಕಂಡರೆ ಕೂಡಲೇ ಬರಬೇಕು ಎಂದರು. ರಕ್ತಪರೀಕ್ಷೆಯ ಫಾರ್ಮು ಸುಜಾತಾಳೇ ತುಂಬಿದಳು. ಮೂರು ದಿನ ಕಾದೆವು. ರಕ್ತದಲ್ಲಿ ಸದ್ಯಕ್ಕೆ ಏನೂ ಇರಲಿಲ್ಲ, ಆದರೂ ಆರು ತಿಂಗಳಿಗೊಮ್ಮೆ ನೋಡಿಸಬೇಕು.

ತಿರುಗಿ ಬರುವಾಗ, ಕೊಲ್ಹಾಪುರ ದಾಟಿದ ಮೇಲೆ, ನೋಡಲು ಬರುವವರ ಮುಂದೆ ಲೂಪಸ್ ಮಾತು ಎತ್ತಬೇಡ ಎಂದು ಮೆಲ್ಲಗೆ ಹೇಳಿದೆ.

“ಅವರಿಗೂ ನಿನ್ನ ಕೊರಳ ತೋರಸ್ತಿ ಏನ?” ಅಂದಳು.

ಅವಳ ಕೆನ್ನೆ ಕೆಂಪಾಗಿತ್ತು. ಸಿಟ್ಟಿಗೋ, ಬಿಸಿಲಿಗೋ ತಿಳಿಯದೆ ಕಿಟಕಿಯ ಪರದೆ ಎಳೆದು, ಬೆಳಗಾವಿ ಬರುವವರೆಗೂ ಕದ್ದು ಕದ್ದು ನೋಡುತ್ತಲೇ ಇದ್ದೆ.