ಬೂಷ್ಟಿನ ಸರಹದ್ದು

ನಮ್ಮ ಕೆಳಗಿನ ಮನೆಯಲ್ಲಿ ಬಾಡಿಗೆಗಿರುವ ನಿವೃತ್ತ ಸರ್ವೆಯರ್‌ಗೂ ಅವರ ಗೋಡೆಯ ಬೂಷ್ಟಿಗೂ ಹಾವು ಮುಂಗುಸಿಯ ಸಂಬಂಧ. ಬೆಳಗ್ಗೆ ಎದ್ದವರೇ ಕಿಟಕಿಗಳನ್ನೆಲ್ಲ ತೆರೆದು, ಬೀರುವಿನ ನಾಲ್ಕೇ ನಾಲ್ಕು ಅಂಗಿಗಳನ್ನು ಗಾಳಿಗೆ ಹರವಿ, ಬೂಟಿನೊಳಗೆ ಹಳೇ ಪೇಪರ್ ತುರುಕಿ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಗೋಡೆ ಒರೆಸುತ್ತಾರೆ. ಒರೆಸಿದ್ದೇ ತಡ, ಅದು ಇನ್ನೊಂದು ಮೂಲೆಯಲ್ಲಿ ತಲೆಯೆತ್ತುತ್ತದೆ. ಮೂವತ್ತು ವರ್ಷ ಊರವರ ಜಮೀನು ಅಳೆದ ಕೈ ಸುಮ್ಮನಿದ್ದೀತೆ? ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಹಾಕುತ್ತಾರೆ. ಗೆರೆ ದಾಟಿದರೆ ಒತ್ತುವರಿ. ಭಾನುವಾರ ನನ್ನ ಬಾಗಿಲು ತಟ್ಟುತ್ತಾರೆ: “ಸಾರ್, ಎರಡು ಬೆರಳು ಒಳಗೆ ಬಂದ್ಬಿಟ್ಟಿದೆ. ಅಳತೆ ಮಾಡೋವಾಗ ಅಕ್ಕಪಕ್ಕದೋರು ಇರ್ಲೇಬೇಕು, ಬನ್ನಿ.” ನಾನು ಟೇಪಿನ ತುದಿ ಹಿಡಿಯಬೇಕು, ಚಹಾ ಕುಡಿಯಬೇಕು, ಅವರು ಅಳೆದ ಊರುಗಳ ಕಥೆಯನ್ನೆಲ್ಲ ಕೇಳಬೇಕು. ತೇವ ಇಳಿಯುತ್ತಿದ್ದದ್ದು ನನ್ನ ಬಚ್ಚಲಿನಿಂದಲೇ ಆದ್ದರಿಂದ ಬಾಯಿಮುಚ್ಚಿಕೊಂಡು ಹೋಗುತ್ತಿದ್ದೆ. ಹೋದ ತಿಂಗಳು ಪೈಪು ರಿಪೇರಿಯಾಯಿತು, ಬಿಸಿಲೂ ಬಂತು, ಗೋಡೆ ಒಣಗಿತು. ಎರಡು ಭಾನುವಾರ ಯಾರೂ ಬಾಗಿಲು ತಟ್ಟಲಿಲ್ಲ. ನಾನು ಹಾಯಾಗಿ ಮಲಗಿದ್ದೆ. ನಿನ್ನೆ ಮೆಟ್ಟಿಲಿಳಿಯುವಾಗ ಕಿಟಕಿಯಲ್ಲಿ ಕಂಡರು: ಒದ್ದೆ ಬಟ್ಟೆ ಹಿಡಿದು, ಪೆನ್ಸಿಲ್ ಗೆರೆಯಾಚೆ ಸರಿಯಾಗಿ ಎರಡು ಬೆರಳಿನಷ್ಟು ಗೋಡೆಯನ್ನು ಮೆಲ್ಲಗೆ ತೋಯಿಸುತ್ತಿದ್ದರು. ಇವತ್ತು ಭಾನುವಾರ. ಅವರು ಹತ್ತಿ ಬರುವ ಮೊದಲೇ ನಾನು ಇಳಿದು ಹೋಗಿ ಕೇಳಿದೆ: “ಟೇಪ್ ಎಲ್ಲಿ ಸಾರ್?”